ಆರು ಗುಂಡಿನ ಫಿರಂಗಿ: ಫ್ರೆಂಚ್ ಪ್ರತಿರೋಧ ಪಡೆಯ 28 ಮಿ.ಮೀ. ಎತ್ತರದ ಗೊಂಬೆಗಳ ಸೆಟ್ಟೊಂದರ ವಿಮರ್ಶೆ

ಎರಡನೆಯ ಮಹಾಯುದ್ಧದ ಮೇಜಿನಾಟಗಳಿಗೆಂದು ತಯಾರಾಗುವ ಪುಟ್ಟ ಗೊಂಬೆಗಳಲ್ಲಿ, ಜರ್ಮನ್ ಆಕ್ರಮಣದ ವಿರುದ್ಧ ಕಾದಾಡಿದ ಫ್ರಾನ್ಸಿನ ಪ್ರತಿರೋಧ ಹೋರಾಟಗಾರರ ಪಾಲಿಗೆ ಬರುವುದು ಸಾಮಾನ್ಯವಾಗಿ ಸ್ಟೆನ್ ಗನ್ನು, ಬೇಟೆಯ ಕೋವಿ, ಒಂದೆರಡು ಬ್ರೆನ್ ಗನ್ನು, ಹೆಚ್ಚೆಂದರೆ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಎಫ್‌.ಎಫ್‌.ಐ. (ಪ್ರತಿರೋಧ ಗುಂಪುಗಳು ಒಂದಾಗಿ ಕಟ್ಟಿದ ‘ಒಳನಾಡಿನ ಫ್ರೆಂಚ್ ಪಡೆ’) ಎಂದು ಬರೆದ ಕಪ್ಪು ಸಿಟ್ರೊಯೆನ್ ಕಾರು. ಅವರ ಕೈಗೆ ಫಿರಂಗಿಯನ್ನು ಕೊಡುವ ಸೆಟ್ಟುಗಳು ವಿರಳ. ಹಾಗಾಗಿ ಒಂದು ಸಣ್ಣ ವಿದೇಶಿ ತಯಾರಕರ ಪಟ್ಟಿಯಲ್ಲಿ ‘ಪ್ರತಿರೋಧ ಪಡೆಯ ಲಘು ಫಿರಂಗಿ, ಮೂವರು ಸಿಬ್ಬಂದಿಯೊಂದಿಗೆ’ ಎಂಬ ಸಾಲು ಕಂಡಾಗ, ಸಾಗಣೆಯ ವೆಚ್ಚ ಪೆಟ್ಟಿಗೆಯ ಬೆಲೆಗೆ ಹತ್ತಿರಹತ್ತಿರ ಬರುತ್ತದೆಂದು ಗೊತ್ತಿದ್ದೂ ತರಿಸಿಕೊಂಡೆ. ಸೆಟ್ಟು ಕೈಸೇರಿ ನಾಲ್ಕು ತಿಂಗಳಾಗಿದೆ. ಜೋಡಿಸಿ, ಬಣ್ಣ ಹಚ್ಚಿ, ಮೂರು ಸಲ ಆಟಕ್ಕಿಳಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಬಿಳಿ ಲೋಹದ ಹದಿಮೂರು ಬಿಡಿಭಾಗಗಳಿವೆ: ನಳಿಕೆ ಮತ್ತು ಅದರಡಿಯ ತೊಟ್ಟಿಲು ಸೇರಿ ಒಂದು ತುಂಡು, ಮುಂದಿನ ಕಾಲು, ಹಿಂದಿನ ಎರಡು ಕಾಲುಗಳು, ಎರಡು ಚಕ್ರ, ಅಚ್ಚುಗಂಬಿ, ಅಡ್ಡಫಲಕ, ಗುಂಡಿನ ಪೆಟ್ಟಿಗೆ, ಮೂವರು ಆಳುಗಳು, ಮತ್ತು ಅವರಲ್ಲೊಬ್ಬರಿಗೆ ಪ್ರತ್ಯೇಕವಾಗಿ ಅಂಟಿಸಬೇಕಾದ ಬಲಗೈ. ಜೋಡಣೆಯ ಸೂಚನೆ ಎಂಬುದೇ ಇಲ್ಲ. ಈ ಫಿರಂಗಿಯ ಹಳೆಯ ಛಾಯಾಚಿತ್ರವೊಂದನ್ನು ಎದುರಿಗಿಟ್ಟುಕೊಂಡೇ ಕೆಲಸಕ್ಕೆ ಕೂರಬೇಕು.

ಗೊಂಬೆಯ ಗುಣದೋಷಗಳಿಗೆ ಹೋಗುವ ಮುನ್ನ ಮೂಲದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಈ ಸೆಟ್ಟಿನ ಒಳ್ಳೆಯದು ಕೆಟ್ಟದ್ದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಇದು ಫ್ರಾನ್ಸಿನ 1916ರ ಮಾದರಿಯ 37 ಮಿ.ಮೀ. ಬಾಯಳತೆಯ ಕಾಲಾಳು ಫಿರಂಗಿ. ಅಲ್ಲಿನವರು ಇದನ್ನು ‘ಟಿ.ಆರ್‌.ಪಿ.’ ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಾರೆ. ಕಂದಕದ ಯುದ್ಧದಲ್ಲಿ ಮುನ್ನುಗ್ಗುವ ಕಾಲಾಳುಗಳ ಜೊತೆಗೇ ಹೊತ್ತೊಯ್ದು, ಎದುರಿನ ಮೆಷಿನ್ ಗನ್ನಿನ ಗೂಡಿಗೆ ನೇರವಾಗಿ ಗುರಿಯಿಟ್ಟು ಹೊಡೆಯಲೆಂದು ಮಾಡಿದ ಆಯುಧ. ಹೂಡಿ ನಿಲ್ಲಿಸಿದಾಗ ತೂಕ ಸುಮಾರು 108 ಕಿಲೋ, ನಳಿಕೆಯ ಉದ್ದ ಮುಕ್ಕಾಲು ಮೀಟರಿಗೂ ತುಸು ಕಡಿಮೆ, ಪರಿಣಾಮಕಾರಿ ದೂರ 1500 ಮೀಟರಿನಷ್ಟು. ಚಕ್ರದ ಮೇಲೆ ಎಳೆದು ತಂದು, ಚಕ್ರ ಕಳಚಿ, ಮುಕ್ಕಾಲಿಯ ಮೇಲೆ ಕೂರಿಸಿ ಹೊಡೆಯುವುದು ವಾಡಿಕೆ. ದಾರಿ ಕೆಟ್ಟಿದ್ದರೆ ನಳಿಕೆಯನ್ನೂ ಕಾಲುಗಳನ್ನೂ ಬಿಡಿಸಿ ಎರಡು ಹೊರೆಯಾಗಿ ಹೊರಬಹುದು. 37 ಎಂಬ ಅಳತೆಯ ಹಿಂದೆಯೂ ಒಂದು ಸ್ವಾರಸ್ಯವಿದೆ. 400 ಗ್ರಾಮಿಗಿಂತ ಹಗುರವಾದ ಸಿಡಿಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದು 1868ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹಲವು ದೇಶಗಳು ಒಪ್ಪಿಕೊಂಡವು. ಆ ಮಿತಿಯನ್ನು ದಾಟುವ ಅತಿ ಚಿಕ್ಕ ಸಿಡಿಗುಂಡಿನ ಅಳತೆ 37 ಮಿ.ಮೀ. ಆಸುಪಾಸಿನಲ್ಲಿ ಬಂದು ನಿಂತಿತು. ಹೀಗೆ ಕಾನೂನು ಬಿಟ್ಟುಕೊಟ್ಟ ಕಿರಿಯ ಫಿರಂಗಿ ಇದು. 1940ರಲ್ಲಿ ಟ್ಯಾಂಕ್ ನಿರೋಧಕ ಫಿರಂಗಿಗಳು ಸಾಲದೆ ಬಂದಾಗ ಫ್ರೆಂಚ್ ಸೇನೆ ಇದನ್ನು ಮತ್ತೆ ಉಗ್ರಾಣದಿಂದ ಹೊರಗೆಳೆದಿತ್ತು.

ತಯಾರಕರು ಫಿರಂಗಿಯನ್ನು ನಿಜಕ್ಕೂ ಚೆನ್ನಾಗಿ ಎರಕ ಹೊಯ್ದಿದ್ದಾರೆ. 28 ಮಿ.ಮೀ. ಗೊಂಬೆಗಳಿಗೆ ಸಾಮಾನ್ಯವಾಗಿ 56ಕ್ಕೆ 1ರ ಪ್ರಮಾಣ ಹಿಡಿಯುವುದರಿಂದ, 740 ಮಿ.ಮೀ. ಉದ್ದದ ನಳಿಕೆ ಗೊಂಬೆಯಲ್ಲಿ 13.2 ಮಿ.ಮೀ. ಇರಬೇಕು. ವರ್ನಿಯರ್ ಹಿಡಿದು ನೋಡಿದರೆ 14 ಇದೆ. ಬೆಂಕಿಕಡ್ಡಿಯ ಕಾಲುಭಾಗಕ್ಕಿಂತ ತುಸು ಉದ್ದದ ವಸ್ತುವಿನಲ್ಲಿ ಇಷ್ಟು ಹತ್ತಿರ ಬಂದಿರುವುದನ್ನು ಮೆಚ್ಚಲೇಬೇಕು. ನಳಿಕೆಯ ಬಾಯಿಯನ್ನು ಬರೀ ಚುಕ್ಕಿಯಾಗಿ ಬಿಡದೆ ಒಳಕ್ಕೆ ತಗ್ಗಿಸಿದ್ದಾರೆ. ಹಿಂಬದಿಯ ಮುಚ್ಚಳದ ಹಿಡಿ, ಪಕ್ಕದಲ್ಲಿ ಎತ್ತರ ಸರಿಪಡಿಸುವ ಪುಟ್ಟ ಚಕ್ರ, ಕಾಲುಗಳ ತುದಿಯಲ್ಲಿ ನೆಲಕ್ಕೆ ನಾಟುವ ಗುದ್ದಲಿಯಂಥ ಹಲಗೆ ಎಲ್ಲವೂ ಕಣ್ಣಿಗೆ ಸಿಗುತ್ತವೆ. ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆ ನಳಿಕೆಯ ಉದ್ದಕ್ಕೂ ಓಡಿದೆಯಾದರೂ, ನುಣುಪು ಅರದಿಂದ ಹತ್ತು ನಿಮಿಷ ಉಜ್ಜಿದರೆ ಹೋಗುತ್ತದೆ. ಚಕ್ರ ಹಾಕಿಯೂ ಜೋಡಿಸಬಹುದು, ಮುಕ್ಕಾಲಿಯ ಮೇಲೆಯೂ ಕೂರಿಸಬಹುದು. ಈ ಆಯ್ಕೆ ಕೊಟ್ಟದ್ದು ಮೂಲವನ್ನು ಬಲ್ಲವರ ಕೆಲಸ. ನಾನು ಮುಕ್ಕಾಲಿಯನ್ನೇ ಆರಿಸಿಕೊಂಡೆ. ಕಳಚಿದ ಚಕ್ರಗಳನ್ನು ಪಕ್ಕದ ಹುಲ್ಲಿನಲ್ಲಿ ಮಲಗಿಸಿದ್ದೇನೆ.

ಆದರೆ ಗುಂಡಿನ ವಿಷಯದಲ್ಲಿ ಎಡವಿದ್ದಾರೆ. ಗುಂಡು ತುಂಬುವವಳ ಬಲಗೈಯಲ್ಲಿರುವ ಶೆಲ್ಲನ್ನು ಅಳೆದೆ: ವ್ಯಾಸ ಸರಿಯಾಗಿ 2 ಮಿ.ಮೀ. ಅದನ್ನು 56ರಿಂದ ಗುಣಿಸಿದರೆ 112 ಮಿ.ಮೀ. ಆಗುತ್ತದೆ, ಅಂದರೆ ನಮ್ಮ ಸೇನೆಯ 105 ಮಿ.ಮೀ. ಫೀಲ್ಡ್ ಗನ್ನಿನ ಗುಂಡಿಗಿಂತಲೂ ದಪ್ಪ. ಅಸಲಿನ ಪ್ರಕಾರ ಅದು 0.66 ಮಿ.ಮೀ. ಇರಬೇಕಿತ್ತು. ಅಷ್ಟು ತೆಳ್ಳಗೆ ಲೋಹ ಎರಕ ಹೊಯ್ಯುವುದು ಕಷ್ಟ, ಹೊಯ್ದರೂ ಮೊದಲ ದಿನವೇ ಮುರಿಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಒಂದು ಮಿಲಿಮೀಟರಿಗೆ ಇಳಿಸಬಹುದಿತ್ತು. ಈಗಿರುವಂತೆ, ಆಕೆ ಕೈಯಲ್ಲಿ ಹಿಡಿದಿರುವ ಗುಂಡು ಆಕೆಯ ಎದುರಿಗಿರುವ ನಳಿಕೆಯೊಳಗೆ ಯಾವ ಕಾಲಕ್ಕೂ ಹೋಗುವುದಿಲ್ಲವೆಂಬುದು ಮೇಜಿನ ಆಚೆ ಬದಿಯಿಂದಲೇ ಕಾಣುತ್ತದೆ. ನಾನು ಅದನ್ನು ಕತ್ತರಿಸಿ ತೆಗೆದು, ಬೆರಳುಗಳ ನಡುವೆ ತೂತು ಕೊರೆದು, ಗುಂಡುಸೂಜಿಯ ತುಂಡೊಂದನ್ನು ಕೂರಿಸಿದೆ.

ಇನ್ನು ಆ ಮೂವರು. ಮೂವರಲ್ಲಿ ಶ್ರೇಷ್ಠವಾದದ್ದು ಗುರಿ ಹಿಡಿದು ಮಂಡಿಯೂರಿರುವ ನಡುವಯಸ್ಸಿನ ಗಂಡಸು. ಮೈಮೇಲೆ ಕೆಲಸಗಾರರ ಜಾಕೆಟ್ಟು, ತಲೆಯ ಮೇಲೆ ಮಾತ್ರ ಹಳೆಯ ಸೇನೆಯ ಏಡ್ರಿಯನ್ ಶಿರಸ್ತ್ರಾಣ. ಶಿಲ್ಪಿ ಇಲ್ಲಿ ಒಂದೂ ಮಾತಿಲ್ಲದೆ ಇಡೀ ಸಂಗತಿ ಹೇಳಿಬಿಟ್ಟಿದ್ದಾನೆ: ಈ ಗುಂಪಿನಲ್ಲಿ ಫಿರಂಗಿ ಹೊಡೆಯುವ ವಿದ್ಯೆ ಗೊತ್ತಿರುವುದು ಇವನೊಬ್ಬನಿಗೆ, ಉಳಿದವರಿಬ್ಬರು ಇವನು ಹೇಳಿದ್ದನ್ನು ಮಾಡುವವರು. ಎಡತೋಳಿನ ಪಟ್ಟಿಯ ಮೇಲೆ ಸ್ವತಂತ್ರ ಫ್ರಾನ್ಸಿನ ಲಾಂಛನವಾದ ಲೊರೇನ್ ಶಿಲುಬೆಯನ್ನು ಸೂಕ್ಷ್ಮವಾಗಿ ಕೆತ್ತಲಾಗಿದೆ. ಬಣ್ಣವನ್ನು ತೆಳುವಾಗಿ ಹಚ್ಚಿದರೆ ಅದರ ಎರಡೂ ಅಡ್ಡಗೆರೆಗಳು ಉಳಿದುಕೊಳ್ಳುತ್ತವೆ. ಎರಡನೆಯವನು ಗುಂಡಿನ ಪೆಟ್ಟಿಗೆ ತೆರೆಯುತ್ತಿರುವ ಹುಡುಗ, ಬೆರೆ ಟೋಪಿ, ತೋಳು ಮಡಿಚಿದ ಅಂಗಿ. ವಿಶೇಷವೇನಿಲ್ಲ, ತಪ್ಪೂ ಇಲ್ಲ.

ಗುಂಡು ತುಂಬುವ ಹೆಣ್ಣುಮಗಳ ಬಗ್ಗೆ ನನ್ನ ತಕರಾರಿದೆ. ಬಿಗಿಯಾದ ಸ್ಕರ್ಟು, ಎತ್ತರದ ಹಿಮ್ಮಡಿಯ ಚಪ್ಪಲಿ, ಗಾಳಿಗೆ ಹಾರುವ ಕೂದಲು. ಪ್ರತಿರೋಧ ಪಡೆಯಲ್ಲಿ ಹೆಂಗಸರಿರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಸುದ್ದಿ, ಆಯುಧ, ನಕಲಿ ಕಾಗದಪತ್ರ ಇವನ್ನೆಲ್ಲ ಊರಿಂದೂರಿಗೆ ಸಾಗಿಸಿದವರಲ್ಲಿ ಅವರ ಸಂಖ್ಯೆ ದೊಡ್ಡದು. 1944ರ ಆಗಸ್ಟಿನಲ್ಲಿ ಶಾರ್ತ್ರ್ ಪಟ್ಟಣದ ಬಿಡುಗಡೆಯ ಹೊತ್ತಿಗೆ ಹದಿನೆಂಟರ ಸಿಮೋನ್ ಸೆಗುಯೆಂ ಜರ್ಮನ್ ಸಬ್‌ಮೆಷಿನ್ ಗನ್ ಹಿಡಿದು ನಿಂತ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಅಂಥ ಚಿತ್ರಗಳು ಎದುರಿಗಿದ್ದೂ, ನೂರು ಕಿಲೋ ಮೀರಿದ ಫಿರಂಗಿಯನ್ನು ಗುಡ್ಡಕ್ಕೆ ಎಳೆದು ತಂದವಳಿಗೆ ಎತ್ತರದ ಹಿಮ್ಮಡಿ ತೊಡಿಸಿದವರ ಕಣ್ಣು ಛಾಯಾಚಿತ್ರದ ಮೇಲಿರಲಿಲ್ಲ, ಸಿನಿಮಾ ಪೋಸ್ಟರಿನ ಮೇಲಿತ್ತು. ಎಂ-ಸೀಲ್ ಉಂಡೆಯಿಂದ ಆಕೆಗೆ ಒಂದು ಜೊತೆ ಬೂಟು ಮಾಡಿ ತೊಡಿಸಿದೆ. ಕೂದಲಿಗೆ ಕೈಹಾಕುವ ಧೈರ್ಯ ಬರಲಿಲ್ಲ.

ಪೆಟ್ಟಿಗೆಯ ಮುಚ್ಚಳದ ಚಿತ್ರದಲ್ಲಿ ಈ ಮೂವರು ಪರ್ವತದ ಕಣಿವೆಯೊಂದರ ತಿರುವಿನಲ್ಲಿ ಕಾದು ಕೂತಿದ್ದಾರೆ, ಕೆಳಗೆ ಜರ್ಮನ್ ಲಾರಿಗಳ ಸಾಲು ಬರುತ್ತಿದೆ, ಮೂಲೆಯಲ್ಲಿ ‘ವೆರ್ಕೋರ್, 1944’ ಎಂದು ಬರೆದಿದೆ. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಆಗ್ನೇಯ ಫ್ರಾನ್ಸಿನ ವೆರ್ಕೋರ್ ಪ್ರಸ್ಥಭೂಮಿಯ ಮಾಕ್ವಿ (ಕಾಡುಬೆಟ್ಟಗಳಲ್ಲಿ ನೆಲೆಸಿದ ಪ್ರತಿರೋಧ) ಪಡೆ ಕೊನೆಯವರೆಗೂ ಬೇಡಿದ್ದು, ಕೊನೆಯವರೆಗೂ ಸಿಗದೆ ಹೋದದ್ದು ಭಾರಿ ಆಯುಧಗಳೇ. 1944ರ ಜುಲೈ 14ರಂದು ಅಮೆರಿಕದ ಬಿ-17 ವಿಮಾನಗಳು ಹಾಡಹಗಲೇ ಅಲ್ಲಿಗೆ ನೂರಾರು ಡಬ್ಬಗಳನ್ನು ಪ್ಯಾರಾಶೂಟಿನಲ್ಲಿ ಇಳಿಸಿದವು. ತೆರೆದು ನೋಡಿದರೆ ಸ್ಟೆನ್ ಗನ್ನು, ಮದ್ದುಗುಂಡು, ಬಟ್ಟೆಬರೆ. ಮಾರ್ಟರ್ ಇಲ್ಲ, ಫಿರಂಗಿ ಇಲ್ಲ. ಒಂದು ವಾರದ ನಂತರ, ಜುಲೈ 21ರಂದು, ವಸ್ಸಿಯೂ ಹಳ್ಳಿಯ ಬಳಿ ಜರ್ಮನ್ ಗ್ಲೈಡರುಗಳು ಬಂದಿಳಿದವು. ಮಿತ್ರರಾಷ್ಟ್ರಗಳ ವಿಮಾನಗಳಿಗೆಂದು ಅಲ್ಲಿ ಇಳಿದಾಣವೊಂದನ್ನು ಸಜ್ಜುಗೊಳಿಸುತ್ತಿದ್ದವರಿಗೆ ಎದುರಿಸಲು ಲಘು ಆಯುಧಗಳ ಹೊರತು ಬೇರೇನೂ ಇರಲಿಲ್ಲ. ಫಿರಂಗಿ ಇಲ್ಲದಿದ್ದುದೇ ವೆರ್ಕೋರಿನ ಕಥೆ. ಅಲ್ಲಿಯೇ ಫಿರಂಗಿ ಹೂಡಿಸಿದ ಮುಚ್ಚಳದ ಚಿತ್ರ ಬರೀ ವಿವರದ ತಪ್ಪಲ್ಲ, ಕಥೆಯನ್ನೇ ತಲೆಕೆಳಗು ಮಾಡಿದ ತಪ್ಪು.

ಹಾಗೆ ನೋಡಿದರೆ ಫ್ರಾನ್ಸಿನಲ್ಲಿ ಆಯುಧ ಬಚ್ಚಿಟ್ಟವರು ಇದ್ದರು. 1940ರ ಸೋಲಿನ ನಂತರ ಗೆದ್ದವರು ನೇಮಿಸಿದ ಕದನವಿರಾಮ ಆಯೋಗದ ಕಣ್ಣು ತಪ್ಪಿಸಿ ಕೆಲವು ಸೇನಾಧಿಕಾರಿಗಳು ಕೋವಿ, ಮೆಷಿನ್ ಗನ್ನು, ವಾಹನಗಳನ್ನು ಕೊಟ್ಟಿಗೆಗಳಲ್ಲೂ ಗುಹೆಗಳಲ್ಲೂ ಅಡಗಿಸಿದರು. 1942ರ ನವೆಂಬರಿನಲ್ಲಿ ಜರ್ಮನರು ಅಲ್ಲಿಯವರೆಗೆ ಬಿಟ್ಟಿದ್ದ ದಕ್ಷಿಣ ಭಾಗವನ್ನೂ ಆಕ್ರಮಿಸಿಕೊಂಡಾಗ ಆ ಸಂಗ್ರಹದ ಬಹುಪಾಲು ಅವರ ಪಾಲಾಯಿತು. ಕಡಲೆ ಇದ್ದವರಿಗೆ ಹಲ್ಲಿರಲಿಲ್ಲ, ಮರುವರ್ಷ ಹಲ್ಲು ಮೂಡಿಸಿಕೊಂಡು ಕಾಡು ಸೇರಿದ ಹುಡುಗರಿಗೆ ಕಡಲೆ ಉಳಿದಿರಲಿಲ್ಲ.

ಹಾಗಾದರೆ ಈ ಸೆಟ್ಟಿಗೆ ಇತಿಹಾಸದಲ್ಲಿ ಜಾಗವೇ ಇಲ್ಲವೇ ಎಂದರೆ, ಇದೆ. ಮುಚ್ಚಳದ ಮೇಲೆ ಇಲ್ಲ, ಅಷ್ಟೆ. ಪ್ಯಾರಿಸ್ ಬಿಡುಗಡೆಯಾದ ಮೇಲೂ ಅಟ್ಲಾಂಟಿಕ್ ಕರಾವಳಿಯ ಬಂದರುಗಳಾದ ಲೋರಿಯಾಂ, ಸೇಂ-ನಜೇರ್, ಲಾ ರೊಶೆಲ್, ರೊಯಾಂಗಳಲ್ಲಿ ಜರ್ಮನ್ ಪಡೆಗಳು ಕೋಟೆ ಕಟ್ಟಿಕೊಂಡು ಉಳಿದವು. ಅವುಗಳ ಮುತ್ತಿಗೆಯ ಹೊಣೆ ಬಹುಮಟ್ಟಿಗೆ ಎಫ್‌.ಎಫ್‌.ಐ. ಹುಡುಗರ ಮೇಲೆ ಬಿತ್ತು, ಜನರಲ್ ದ ಲಾರ್ಮಿನಾ ಅವರ ಅಧೀನದಲ್ಲಿ. ಕೋಟು, ಬೂಟುಗಳಿಗೂ ತತ್ವಾರವಿದ್ದ 1944-45ರ ಆ ಚಳಿಗಾಲದಲ್ಲಿ ಅವರು ಜರ್ಮನರಿಂದ ಕಸಿದ ಫಿರಂಗಿ, ಹಳೆಯ ಫ್ರೆಂಚ್ ಫಿರಂಗಿ ಎಂದು ನೋಡದೆ ಸಿಕ್ಕಿದ್ದನ್ನೆಲ್ಲ ಸಾಲಿಗೆ ನಿಲ್ಲಿಸಿದರು. ಲೋರಿಯಾಂ, ಸೇಂ-ನಜೇರ್‌ಗಳು ಶರಣಾದದ್ದು ಯುರೋಪಿನ ಯುದ್ಧವೇ ಮುಗಿದ ಮೇಲೆ, 1945ರ ಮೇ ತಿಂಗಳಿನಲ್ಲಿ. ಏಡ್ರಿಯನ್ ಶಿರಸ್ತ್ರಾಣದ ನಡುವಯಸ್ಕ, ಮೂವತ್ತು ವರ್ಷ ಹಳೆಯ ಫಿರಂಗಿ, ಸಾಲದ ಗುಂಡು: ಇವೆಲ್ಲ ಸಹಜವಾಗಿ ಹೊಂದುವ ಜಾಗ ಅದು. ಆದ್ದರಿಂದ ನನ್ನ ತಳಹಲಗೆಯ ಮೇಲೆ ಬೆಟ್ಟದ ಬಂಡೆಯ ಬದಲು ಲೋರಿಯಾಂ ಇರುವ ಬ್ರಿಟನಿ ಪ್ರಾಂತ್ಯದ ಕೆಸರು, ಮುರಿದ ಬೇಲಿ, ಸ್ವಲ್ಪ ಕರಗಿದ ಹಿಮ ಇವೆ. ಮರಳು ನಮ್ಮ ಬೀದಿಯ ಕಟ್ಟಡದ ಕೆಲಸದಿಂದ ತಂದ ಎಂ-ಸ್ಯಾಂಡ್, ಬ್ರಿಟನಿಯವರು ಕ್ಷಮಿಸಬೇಕು.

ಬೇರೆ ದೇಶಗಳ ಪ್ರತಿರೋಧ ಪಡೆಗಳ ಗೊಂಬೆಗಳ ಜೊತೆ ಹೋಲಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಪೋಲೆಂಡಿನ ಹೋಮ್ ಆರ್ಮಿಯ ಸೆಟ್ಟುಗಳಲ್ಲಿ ಬರುವ ಪಿಯಾಟ್ ಫಿರಂಗಿಯಲ್ಲ, ಸ್ಪ್ರಿಂಗಿನ ಹೊಡೆತದಿಂದ ಬಾಂಬಿನ ಬಾಲದಲ್ಲಿನ ಮದ್ದು ಸಿಡಿಸಿ ಅದನ್ನು ಚಿಮ್ಮಿಸುವ, ಒಬ್ಬನೇ ಹೊರುವ ಸುಮಾರು 15 ಕಿಲೋದ ಆಯುಧ. 1944ರ ವಾರ್ಸಾ ದಂಗೆಯ 63 ದಿನಗಳಲ್ಲಿ ಅದು ಮಾಡಿದ ಕೆಲಸಕ್ಕೆ ದಾಖಲೆಯಿದೆ, ಗೊಂಬೆಯೂ ಅದಕ್ಕೆ ನಿಷ್ಠವಾಗಿದೆ. ಯುಗೊಸ್ಲಾವಿಯಾದ ಪಾರ್ಟಿಸಾನರಿಗಂತೂ ಬೆಟ್ಟದ ಫಿರಂಗಿಗಳು ನಿಜವಾಗಿಯೂ ಇದ್ದವು; 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದಾಗ ಅಲ್ಲಿನ ಇಟಾಲಿಯನ್ ದಳಗಳ ಸಾಮಗ್ರಿ ರಾಶಿರಾಶಿಯಾಗಿ ಅವರ ಕೈಸೇರಿತು. ಹೇಸರಗತ್ತೆ ಸಮೇತ ಬರುವ ಅವರ ಫಿರಂಗಿ ಸೆಟ್ಟೊಂದು ನನ್ನಲ್ಲಿದೆ. ಕೆತ್ತನೆಯಲ್ಲಿ ಇದಕ್ಕಿಂತ ಒರಟು, ಆದರೆ ಅದನ್ನು ಮೇಜಿನ ಮೇಲಿಡುವಾಗ ಯಾರಿಗೂ ಸಮಜಾಯಿಷಿ ಕೊಡಬೇಕಾಗುವುದಿಲ್ಲ.

ಜೋಡಣೆಯ ಮಾತಿಗೆ ಬಂದರೆ, ಹೊಸಬರು ಇದರಿಂದ ಆರಂಭಿಸದಿರುವುದು ಲೇಸು. ಹಿಂದಿನ ಕಾಲುಗಳು ಕಡ್ಡಿಯಷ್ಟು ತೆಳು. ಅವು ತೊಟ್ಟಿಲಿಗೆ ಕೂಡುವ ಜಾಗದಲ್ಲಿ ಗುಳಿ ಇಲ್ಲ, ಮುಳ್ಳೂ ಇಲ್ಲ. ಬರಿಯ ಅಂಟಿನ ನಂಬಿಕೆಯ ಮೇಲೆ ಫಿರಂಗಿ ನಿಲ್ಲಬೇಕು. ನಾನು ಅರ್ಧ ಮಿಲಿಮೀಟರಿನ ಕೊರೆಯುಳಿಯಿಂದ ತೂತು ಮಾಡಿ ತಂತಿಯ ಮೊಳೆ ಇಟ್ಟೆ. ಅದಕ್ಕೇ ಒಂದು ಸಂಜೆ ಹಿಡಿಯಿತು. ಅಚ್ಚಿನ ಎಣ್ಣೆ ಹೋಗುವಂತೆ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯುವುದನ್ನು ಮರೆಯಬಾರದು. ಸ್ಪ್ರೇ ಪ್ರೈಮರನ್ನು ಆಷಾಢದ ಗಾಳಿಮಳೆಯಲ್ಲಿ ಹೊಡೆದ ನನ್ನ ಅವಿವೇಕಕ್ಕೆ ತಯಾರಕರು ಹೊಣೆಯಲ್ಲ. ತೇವಕ್ಕೆ ಅದು ಬೂದಿ ಚೆಲ್ಲಿದಂತೆ ಬಿಳಿಚಿಕೊಂಡಿತು, ಎಲ್ಲವನ್ನೂ ಕಿತ್ತು ಎರಡನೆಯ ಸಲ ಕುಂಚದಿಂದಲೇ ಹಚ್ಚಿದೆ. ಫಿರಂಗಿಗೆ ಫ್ರೆಂಚ್ ಸೇನೆಯ ಹಸಿರು, ಅದರ ಮೇಲೆ ಮಣ್ಣು, ಕೀಲುಗಳ ಸುತ್ತ ತುಕ್ಕು. ನಳಿಕೆಯ ಮೇಲೆ ಒಂದು ಕಡೆ ಮಾತ್ರ ಯಾರೋ ಈಚೆಗೆ ಎಣ್ಣೆ ಬಟ್ಟೆಯಿಂದ ಒರೆಸಿದಂತೆ ಹೊಳಪು ಬಿಟ್ಟಿದ್ದೇನೆ. ಬಣ್ಣ ಮುಗಿಯುವಷ್ಟರಲ್ಲಿ ನವರಾತ್ರಿ ಬಂದಿತ್ತು. ಗೊಂಬೆ ಕೂರಿಸುತ್ತಿದ್ದ ಅಮ್ಮ ಮೇಜಿನ ಹತ್ತಿರ ಬಂದು ನೋಡಿ, “ಇವರನ್ನೂ ಕೆಳಗಿನ ಮೆಟ್ಟಿಲಲ್ಲಿ ಇಡೋಣವೇನೋ? ಶೆಟ್ಟರ ಅಂಗಡಿ ಪಕ್ಕ ಜಾಗ ಇದೆ” ಎಂದರು. ಹತ್ತು ದಿನ ಇಟ್ಟಿದ್ದೆವು.

ಆಟದಲ್ಲಿ ಇದರ ಬೆಲೆ ಏನೆಂಬುದು ನೀವು ಹಿಡಿಯುವ ನಿಯಮದ ಮೇಲೆ ನಿಂತಿದೆ. ನಮ್ಮ ಗುಂಪು ಆಡುವುದು ಬೋಲ್ಟ್ ಆ್ಯಕ್ಷನ್. ಚೀಲಕ್ಕೆ ಕೈಹಾಕಿ ಯಾರ ಬಣ್ಣದ ದಾಳ ಬರುತ್ತದೋ ಅವರ ಪಡೆ ಚಲಿಸುವ, ಗುಂಡು ಬಿದ್ದ ತಂಡ ಕಂಗೆಟ್ಟು ಆಜ್ಞೆ ಮೀರುವ ಆಟ. ಈ ಫಿರಂಗಿಯನ್ನು ಟ್ಯಾಂಕ್ ನಿರೋಧಕವೆಂದು ಉದಾರವಾಗಿ ಎಣಿಸಿದರೆ ಆಟ ಕೆಡುತ್ತದೆ. ಮುಂಬದಿಯಲ್ಲಿ 80 ಮಿ.ಮೀ. ಉಕ್ಕು ಹೊತ್ತ ತಡವಾದ ಮಾದರಿಯ ಜರ್ಮನ್ ಪಾಂಜರ್-4 ಟ್ಯಾಂಕಿಗೆ ಇದು ಬಾಗಿಲು ತಟ್ಟಿದಂತೆ. ಮುಂದೆ ಚಕ್ರ, ಹಿಂದೆ ಟ್ಯಾಂಕಿನಂಥ ಪಟ್ಟಿ ಇರುವ ತೆಳು ಕವಚದ ಹಾಫ್‌ಟ್ರ್ಯಾಕು, ಲಾರಿ, ಕಲ್ಲಿನ ಮನೆಯ ಕಿಟಕಿಯಲ್ಲಿ ಕೂತ ಮೆಷಿನ್ ಗನ್ನು: ಇವಕ್ಕೆ ಮಾತ್ರ ಇದು ನಿಜವಾದ ಕಾಟ. ನಾವು ಎರಡನೆಯ ಆಟದಿಂದ ಒಂದು ಮನೆನಿಯಮ ಸೇರಿಸಿಕೊಂಡೆವು. ಫಿರಂಗಿಯ ಪಕ್ಕ ಆರು ಹುರುಳಿಕಾಳು ಇಡುವುದು, ಒಂದೊಂದು ಹೊಡೆತಕ್ಕೆ ಒಂದೊಂದು ತೆಗೆಯುವುದು, ಮುಗಿದ ಮೇಲೆ ಮೂವರೂ ಬರಿಯ ಕೋವಿಯವರು.

ಈ ಆರು ಕಾಳು ಬಂದ ಮೇಲೆ ಸೆಟ್ಟಿನ ಸ್ವಭಾವವೇ ಬೇರೆಯಾಯಿತು. ಮೊದಲ ಆಟದಲ್ಲಿ ನಾನು ಪ್ರತಿ ಸರದಿಗೂ ಕಂಡದ್ದಕ್ಕೆಲ್ಲ ಹೊಡೆದಿದ್ದೆ. ಅದು ಬೇರೆ ಯಾವ ಸೇನೆಯ ಯಾವ ಫಿರಂಗಿಗಿಂತಲೂ ಭಿನ್ನವಾಗಿರಲಿಲ್ಲ. ಮೂರನೆಯ ಆಟದಲ್ಲಿ ಬೇಲಿಯ ಹಿಂದೆ ಎರಡು ಸರದಿ ಸುಮ್ಮನೆ ಕೂತೆ. ಎದುರಾಳಿ ಗೆಳೆಯರು ಹಾಫ್‌ಟ್ರ್ಯಾಕನ್ನು ಹೊರತೆಗೆಯದೆ ಕಾದರು, ನಾನು ಹೊಡೆಯದೆ ಕಾದೆ, ಅವರ ಕಾಲಾಳುಗಳು ಮಾತ್ರ ಇಬ್ಬರ ನಡುವಿನ ಕೆಸರಿನಲ್ಲಿ ಸಿಕ್ಕಿಕೊಂಡರು. ಕೊನೆಗೆ ಹೊಡೆದ ನಾಲ್ಕು ಗುಂಡಿನಲ್ಲಿ ಎರಡು ತಪ್ಪಿದವು, ಒಂದು ಹಾಫ್‌ಟ್ರ್ಯಾಕಿಗೆ ತಗುಲಿತು, ಇನ್ನೊಂದು ಮನೆಯ ಗೋಡೆಗೆ. ಆಟ ಸೋತೆ. ಎರಡು ಕಾಳು ಉಳಿದಿದ್ದವು, ಅವನ್ನು ಯಾವಾಗ ಬಳಸಬೇಕಿತ್ತೆಂದು ರಾತ್ರಿ ಹನ್ನೊಂದರವರೆಗೆ ಚರ್ಚೆ ನಡೆಯಿತು. ಪೆಟ್ಟಿಗೆಯಲ್ಲಿ ಇಂಥ ಒಂದು ಸಾಲಿನ ನಿಯಮವನ್ನು ತಯಾರಕರೇ ಅಚ್ಚು ಹಾಕಿಸಿದ್ದರೆ ಮುಚ್ಚಳದ ವೆರ್ಕೋರನ್ನು ಅರ್ಧದಷ್ಟು ಕ್ಷಮಿಸುತ್ತಿದ್ದೆ.

ಈಗಾಗಲೇ ಫ್ರೆಂಚ್ ಪ್ರತಿರೋಧ ಪಡೆಯ ಇಪ್ಪತ್ತು ಮೂವತ್ತು ಗೊಂಬೆಗಳಿದ್ದು, ಅರ ಮತ್ತು ಕೊರೆಯುಳಿ ಹಿಡಿದು ಅಭ್ಯಾಸವಿರುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಆದರೆ ಒಂದೇ ಒಂದು. ಎರಡು ಫಿರಂಗಿ ಇಟ್ಟ ಕೂಡಲೇ ಅದು ಪ್ರತಿರೋಧ ಪಡೆಯಾಗಿ ಉಳಿಯುವುದಿಲ್ಲ. ಬರೀ ಫಿರಂಗಿಗಾಗಿ ಕೊಳ್ಳುವವರಿಗೆ, ಮೊದಲ ಮಹಾಯುದ್ಧದ ಫ್ರೆಂಚ್ ಅಥವಾ ಅಮೆರಿಕನ್ ಪಡೆಗೂ ಇದು ಹೊಂದುತ್ತದೆ ಎಂಬುದು ಹೆಚ್ಚಿನ ಲಾಭ. ಅಮೆರಿಕದವರೂ 1918ರಲ್ಲಿ ಇದನ್ನೇ ಬಳಸಿದ್ದರು.

ಪೆಟ್ಟಿಗೆ ಬಂದ ದಿನವೇ ಬಿಡಿಭಾಗಗಳನ್ನು ಎಣಿಸಿ, ಕಾಲುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ನನಗೆ ಬಂದದ್ದರಲ್ಲಿ ಹಿಂದಿನ ಎರಡೂ ಎಡಗಾಲುಗಳೇ ಆಗಿದ್ದವು. ಬರೆದು ತಿಳಿಸಿದ್ದಕ್ಕೆ ಎರಡೇ ದಿನದಲ್ಲಿ ವಿನಯದ ಉತ್ತರ ಬಂತು, ಆರು ವಾರಕ್ಕೆ ಪುಟ್ಟ ಲಕೋಟೆಯೂ ಬಂತು. ಅದರೊಳಗಿದ್ದದ್ದು ಮೂರನೆಯ ಎಡಗಾಲು. ಅದನ್ನೇ ಬಿಸಿ ನೀರಿನಲ್ಲಿ ಅದ್ದಿ, ಇಕ್ಕಳದಿಂದ ಮೆಲ್ಲನೆ ಬಾಗಿಸಿ ಬಲಗಾಲು ಮಾಡಿಕೊಂಡಿದ್ದೇನೆ.